ಅಳಿಯುತ್ತಿರುವ ಅಂಚೆಚೀಟಿಯ ಅಂಗಡಿ

ಕೆಲವು ಕಸುಬುಗಳು ಸದ್ದಿಲ್ಲದೆ ಮರೆಯಾಗುತ್ತವೆ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವವನು ನಮ್ಮ ಬೀದಿಗೆ ಕೊನೆಯ ಸಲ ಬಂದದ್ದು ಯಾವ ವರ್ಷ ಎಂದು ಕೇಳಿದರೆ ಯಾರೂ ಹೇಳಲಾರರು. ಕೊಡೆ ರಿಪೇರಿಯವನು, ಮಸಿಯ ಪೆನ್ನಿಗೆ ನಿಬ್ಬು ಹಾಕಿಕೊಡುತ್ತಿದ್ದವನು, ಇವರ ಸಂಗತಿಯೂ ಹಾಗೆಯೇ. ಎಂದೋ ಒಂದು ದಿನ ಅವರ ಅಗತ್ಯ ಬೀಳುತ್ತದೆ. ಹುಡುಕಿಕೊಂಡು ಹೋದರೆ ಅವರಿರುವುದಿಲ್ಲ. ಈ ಸಾಲಿಗೆ ಈಚೆಗೆ ಸೇರಿದವನು ಹವ್ಯಾಸಿಗಳಿಗೆ ಹಳೆಯ ಅಂಚೆಚೀಟಿಗಳನ್ನು ಮಾರುತ್ತಿದ್ದ ವ್ಯಾಪಾರಿ. ಅವನ ಅಂಗಡಿ ಎಂಥದಾಗಿತ್ತು, ಏಕೆ ಮುಚ್ಚಿತು, ಅದರೊಡನೆ ನಾವು ಕಳೆದುಕೊಂಡದ್ದೇನು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರ ಮಾಡೋಣ.

ಮೊದಲು ಒಂದು ಸ್ಪಷ್ಟೀಕರಣ ಅಗತ್ಯ. ನಮ್ಮ ಊರುಗಳಲ್ಲಿ ಸ್ಟಾಂಪು ಮಾರುವವರೆಂದರೆ ಮೂರು ಬಗೆಯವರಿದ್ದರು. ಅಂಚೆ ಕಚೇರಿಯ ಕಿಟಕಿಯ ಹಿಂದೆ ಕುಳಿತವರು ಒಬ್ಬರು. ಕೋರ್ಟು ಕಚೇರಿಗಳ ಆವರಣದಲ್ಲಿ ಛಾಪಾ ಕಾಗದ ಮಾರುತ್ತಿದ್ದ ಸ್ಟಾಂಪ್ ವೆಂಡರ್ ಇನ್ನೊಬ್ಬರು. ನಾನು ಹೇಳಹೊರಟಿರುವುದು ಇವರಿಬ್ಬರನ್ನೂ ಬಿಟ್ಟು ಮೂರನೆಯವರನ್ನು ಕುರಿತು. ಇವರು ಮಾರುತ್ತಿದ್ದ ಚೀಟಿಯನ್ನು ಹಚ್ಚಿದರೆ ಕಾಗದ ಊರು ದಾಟುತ್ತಿರಲಿಲ್ಲ. ಬಹುಪಾಲು ಚೀಟಿಗಳ ಮೇಲೆ ಆಗಲೇ ಅಂಚೆಯ ಮುದ್ರೆ ಬಿದ್ದಿರುತ್ತಿತ್ತು. ತನ್ನ ಕೆಲಸ ಮುಗಿಸಿದ ಚೀಟಿಗೆ ಎರಡನೆಯ ಸಲ ಬೆಲೆ ಕಟ್ಟುವುದೇ ಇವರ ಕಸುಬು.

ಈ ಕಸುಬಿನ ವಯಸ್ಸು ಹೆಚ್ಚುಕಡಿಮೆ ಅಂಚೆಚೀಟಿಯ ವಯಸ್ಸೇ ಆಗಿದೆ. ದೂರವನ್ನೆಣಿಸದೆ ತೂಕವನ್ನು ನೋಡಿ ಒಂದೇ ದರದಲ್ಲಿ ಮುಂಗಡ ಅಂಚೆವೆಚ್ಚ ಪಡೆಯಬೇಕೆಂದು ರೋಲೆಂಡ್ ಹಿಲ್ ವಾದಿಸಿದ ಫಲವಾಗಿ 1840ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಪೆನ್ನಿ ಬ್ಲ್ಯಾಕ್ ಎಂಬ ಜಗತ್ತಿನ ಮೊದಲ ಅಂಟು ಚೀಟಿ ಹೊರಬಿತ್ತು. ಅದೇ ವರ್ಷ ಪ್ಲಿಮತ್ ಎಂಬ ಬಂದರಿನಲ್ಲಿ ಔಷಧದ ಅಂಗಡಿಯವರೊಬ್ಬರ ಮನೆಯಲ್ಲಿ ಎಡ್ವರ್ಡ್ ಸ್ಟಾನ್ಲಿ ಗಿಬ್ಬನ್ಸ್ ಎಂಬ ಮಗು ಹುಟ್ಟಿತು. ಈ ಹುಡುಗ 1856ರಲ್ಲಿ ತಂದೆಯ ಅಂಗಡಿಯಲ್ಲಿಯೇ ಒಂದಿಷ್ಟು ಜಾಗ ಪಡೆದು ಚೀಟಿಗಳ ವ್ಯಾಪಾರ ಹೂಡಿದ. 1863ರಲ್ಲಿ ಇಬ್ಬರು ನಾವಿಕರು ಅಂಗಡಿಗೆ ಬಂದು, ಕೇಪ್ ಆಫ್ ಗುಡ್ ಹೋಪ್ ವಸಾಹತಿನ ಮುಕ್ಕೋನೆಯ ಚೀಟಿಗಳು ತುಂಬಿದ್ದ ಚೀಲವೊಂದನ್ನು ಐದು ಪೌಂಡಿಗೆ ಕೊಟ್ಟುಹೋದರೆಂಬ ಕಥೆ ಈ ವ್ಯಾಪಾರದ ಆದಿಪರ್ವದಂತಿದೆ. 1865ರಲ್ಲಿ ಗಿಬ್ಬನ್ಸ್ ತನ್ನ ಮೊದಲ ಬೆಲೆಪಟ್ಟಿಯನ್ನು ಅಚ್ಚು ಹಾಕಿಸಿದ. 1874ರಲ್ಲಿ ಲಂಡನ್ನಿಗೆ ಬಂದ. 1890ರಲ್ಲಿ ತನ್ನ ವ್ಯಾಪಾರವನ್ನು ಇಪ್ಪತ್ತೈದು ಸಾವಿರ ಪೌಂಡಿಗೆ ಚಾರ್ಲ್ಸ್ ಫಿಲಿಪ್ಸ್ ಎಂಬಾತನಿಗೆ ಮಾರಿದ. ಆ ದಶಕದಲ್ಲಿ ಸಂಸ್ಥೆ ಸ್ಟ್ರಾಂಡ್ ಎಂಬ ಬೀದಿಗೆ ಬಂದು ನೆಲೆಸಿದ ಮೇಲೆ ಅಂಚೆಚೀಟಿ ಎಂದರೆ ಸ್ಟ್ರಾಂಡ್, ಸ್ಟ್ರಾಂಡ್ ಎಂದರೆ ಅಂಚೆಚೀಟಿ ಎನ್ನುವ ಮಾತು ಒಂದು ಶತಮಾನ ಕಾಲ ನಡೆಯಿತು.

ಇತರ ದೇಶಗಳೂ ಹಿಂದೆ ಬೀಳಲಿಲ್ಲ. ನ್ಯೂಯಾರ್ಕಿನಲ್ಲಿ ನಸ್ಸಾವ್ ಎಂಬ ಇಕ್ಕಟ್ಟಾದ ಬೀದಿಯ ಉದ್ದಕ್ಕೂ, ಕಟ್ಟಡಗಳ ಮೇಲಂತಸ್ತುಗಳಲ್ಲಿಯೂ, ಚೀಟಿಯ ವ್ಯಾಪಾರಿಗಳು ತುಂಬಿದ್ದರು. ಗಿಂಬೆಲ್ಸ್, ಮೇಸೀಸ್ ಮೊದಲಾದ ದೊಡ್ಡ ಮಳಿಗೆಗಳಲ್ಲಿ ಬಟ್ಟೆಬರೆ, ಪಾತ್ರೆಪಗಡಿಗಳ ನಡುವೆ ಅಂಚೆಚೀಟಿಯ ವಿಭಾಗವೂ ಇರುತ್ತಿತ್ತು. ಪ್ಯಾರಿಸ್ಸಿನಲ್ಲಿ ಕಾರೆ ಮಾರಿನ್ಯಿ ಎಂಬಲ್ಲಿ, ಮರಗಳ ನೆರಳಿನಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಚೀಟಿಗಳ ಬಯಲು ಸಂತೆಯೇ ಸೇರುತ್ತ ಬಂದಿದೆ. ಅರಸರಿಗೂ ಈ ಹುಚ್ಚು ಅಂಟಿಕೊಂಡಿತ್ತು. ಮುಂದೆ ಐದನೆಯ ಜಾರ್ಜ್ ಆದ ರಾಜಕುಮಾರ 1904ರಲ್ಲಿ ಮಾರಿಷಸ್ಸಿನ ಒಂದು ಚೀಟಿಗೆ 1,450 ಪೌಂಡು ಕೊಟ್ಟ. ಯಾವನೋ ಮೂರ್ಖ ಇಷ್ಟು ಹಣ ಸುರಿದನಂತೆ ಎಂದು ಆಸ್ಥಾನದವರೊಬ್ಬರು ಹೇಳಿದಾಗ, ಆ ಮೂರ್ಖ ನಾನೇ ಎಂದು ಆತ ಉತ್ತರ ಕೊಟ್ಟನಂತೆ.

ಇನ್ನು ನಮ್ಮ ದೇಶದ ವಿಷಯ. ಸಿಂಧ್ ಪ್ರಾಂತದಲ್ಲಿ 1852ರಲ್ಲಿ ಬಾರ್ಟಲ್ ಫ್ರೇರ್ ಹೊರಡಿಸಿದ ‘ಸಿಂಧ್ ಡಾಕ್’ ಇಡೀ ಏಷ್ಯಾದಲ್ಲಿಯೇ ಮೊದಲ ಅಂಚೆಚೀಟಿ. 1854ರಲ್ಲಿ ದೇಶಕ್ಕೆಲ್ಲ ಸಲ್ಲುವ ಚೀಟಿಗಳು ಕಲ್ಕತ್ತೆಯಲ್ಲಿ ಅಚ್ಚಾದುವು. ಕಾಲು ತೊಲ ತೂಕದ ಕಾಗದ ದೇಶದ ಯಾವ ಮೂಲೆಗಾದರೂ ಅರ್ಧಾಣೆಗೆ ಹೋಗುವಂತಾಯಿತು. ಆ ವರ್ಷದ ನಾಲ್ಕಾಣೆಯ ಚೀಟಿಯನ್ನು ಎರಡು ಬಣ್ಣಗಳಲ್ಲಿ ಎರಡು ಸಲ ಅಚ್ಚಿಗೆ ಹಾಕಬೇಕಾಗಿತ್ತು; ಕೆಲವು ಹಾಳೆಗಳು ತಿರುಗುಮುರುಗಾಗಿ ವಿಕ್ಟೋರಿಯಾ ರಾಣಿಯ ತಲೆ ಕೆಳಗಾಯಿತು. ಅಚ್ಚುಕೂಟದವರ ಆ ಅಲಕ್ಷ್ಯ ಇಂದು ಜಗತ್ತಿನ ಪ್ರಸಿದ್ಧ ಅಪೂರ್ವ ಚೀಟಿಗಳಲ್ಲೊಂದಾಗಿದೆ.

ಬ್ರಿಟಿಷರ ಚೀಟಿಗಳಲ್ಲದೆ ದೇಶೀಯ ಸಂಸ್ಥಾನಗಳದೇ ಒಂದು ಪ್ರಪಂಚವಿತ್ತು. ತಿರುವಾಂಕೂರಿನ ಶಂಖದ ಚೀಟಿ, ಕೊಚ್ಚಿಯದು, ಹೈದರಾಬಾದಿನ ನಿಜಾಮನದು, ರಾಜಪುತ್ರ ಸ್ಥಾನದ ಬುಂದಿ, ಜೈಪುರಗಳದು, ಹೀಗೆ ಹತ್ತಾರು. ಬೀದರ, ಕಲಬುರ್ಗಿ, ರಾಯಚೂರುಗಳ ನಮ್ಮ ಜನ ನಿಜಾಮನ ಚೀಟಿ ಹಚ್ಚಿಯೇ ಕನ್ನಡದ ಕಾಗದಗಳನ್ನು ಕಳಿಸುತ್ತಿದ್ದರು. ಮೈಸೂರು ಸಂಸ್ಥಾನದ ಸಂಗತಿ ಇನ್ನೂ ಸ್ವಾರಸ್ಯವಾದದ್ದು. ‘ಅಂಚೆ’ ಎಂಬ ಮಾತನ್ನು ಕನ್ನಡದಲ್ಲಿ ಮನೆಮಾತಾಗಿಸಿದ್ದು ಮೈಸೂರಿನ ಅಂಚೆ. ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದದ್ದೆಂದು ಪ್ರತೀತಿ ಇರುವ ಈ ವ್ಯವಸ್ಥೆ ತನ್ನದೇ ಆದ ಅಂಚೆಚೀಟಿಯನ್ನು ಹೊರಡಿಸಲೇ ಇಲ್ಲ. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಆದ್ದರಿಂದ ಮೈಸೂರಿನ ಅಂಚೆಯ ಚರಿತ್ರೆ ಚೀಟಿಯಲ್ಲಿ ಸಿಕ್ಕುವುದಿಲ್ಲ. ಹಳೆಯ ಕಾಗದಗಳ ಹೊರಮೈ ಮೇಲೆ ಬಿದ್ದ ಮುದ್ರೆಗಳಲ್ಲಿ ಮಾತ್ರ ಸಿಕ್ಕುತ್ತದೆ. ಈ ಸಂಗತಿ ನೆನಪಿನಲ್ಲಿರಲಿ. ಮುಂದೆ ಇದರಿಂದ ಪ್ರಯೋಜನವುಂಟು.

1897ರಲ್ಲಿ ಫಿಲಾಟೆಲಿಕ್ ಸೊಸೈಟಿ ಆಫ್ ಇಂಡಿಯಾ ಸ್ಥಾಪನೆಯಾಯಿತು. ಮುಂಬಯಿ, ಕಲ್ಕತ್ತ, ಮದರಾಸುಗಳಲ್ಲಿ ವ್ಯಾಪಾರ ಬೆಳೆಯಿತು. ಮುಂಬಯಿಯ ಜಾಲ್ ಕೂಪರರು ವ್ಯಾಪಾರಿಯೂ ಹೌದು, ವಿದ್ವಾಂಸರೂ ಹೌದು. ಭಾರತದ ಚೀಟಿಗಳನ್ನು ಕುರಿತು ಅವರು ಬರೆದ ಪುಸ್ತಕಗಳನ್ನು ಸಂಗ್ರಾಹಕರು ಪ್ರಮಾಣಗ್ರಂಥಗಳಂತೆ ಕಾಣುತ್ತಿದ್ದರು. ಇತ್ತ ಕಲ್ಕತ್ತೆಯ ದೊಡ್ಡ ಅಂಚೆ ಕಚೇರಿಯ ಹೊರಗೆ, ಕಾಲುದಾರಿಯ ಮೇಲೆ ಬಟ್ಟೆ ಹಾಸಿ ಚೀಟಿ, ನಾಣ್ಯಗಳನ್ನು ಹರಡಿಕೊಂಡು ಕೂರುವವರ ಪರಂಪರೆಯೂ ಬೆಳೆಯಿತು. ಗ್ರಂಥ ಬರೆದವರೂ ಕಾಲುದಾರಿಯವರೂ ಮಾರುತ್ತಿದ್ದ ಸರಕು ಒಂದೇ ಜಾತಿಯದು.

ಸಣ್ಣ ಊರುಗಳಲ್ಲಿ ಈ ಅಂಗಡಿಗೆ ಪ್ರತ್ಯೇಕವಾದ ಫಲಕವಿರುತ್ತಿರಲಿಲ್ಲ. ಪುಸ್ತಕದ ಅಂಗಡಿಯವರೋ ಗಡಿಯಾರ ರಿಪೇರಿಯವರೋ ಗಾಜಿನ ಕಪಾಟಿನ ಒಂದು ಅರೆಯನ್ನು ಇದಕ್ಕೆ ಬಿಟ್ಟಿರುತ್ತಿದ್ದರು. 1970ರ ಆಸುಪಾಸಿನಲ್ಲಿ ಶಾಲೆಗೆ ಹೋಗುತ್ತಿದ್ದ ನನ್ನಂಥವರು ಕಂಡದ್ದು ಇಂಥ ಅಂಗಡಿಗಳನ್ನೇ. ಪಾರದರ್ಶಕ ಕಾಗದದ ಪೊಟ್ಟಣದಲ್ಲಿ ಇಪ್ಪತ್ತೈದು ದೇಶದ ಚೀಟಿ ಒಂದು ರೂಪಾಯಿಗೆ. ಬಿಡಿಯಾಗಿ ಐದು ಪೈಸೆ, ಹತ್ತು ಪೈಸೆ. ಆರಿಸಿಕೊಳ್ಳಲು ಅರ್ಧ ಗಂಟೆ ನಿಂತರೂ ಬೇಸರಿಸುತ್ತಿರಲಿಲ್ಲ. “ಬೆರಳಲ್ಲಿ ಮುಟ್ಟಬೇಡ ತಮ್ಮಾ, ಚಿಮಟದಲ್ಲಿ ಹಿಡಿ” ಎಂಬುದು ಅಲ್ಲಿಯ ಮೊದಲ ಪಾಠ. ಹೆಲ್ವೇಶಿಯಾ ಎಂದರೆ ಸ್ವಿಟ್ಸರ್ಲೆಂಡ್, ಸುವೋಮಿ ಎಂದರೆ ಫಿನ್‌ಲೆಂಡ್, ಮಗ್ಯಾರ್ ಎಂದರೆ ಹಂಗೆರಿ, ಯಾವ ದೇಶದ ಹೆಸರೂ ಇಲ್ಲದೆ ರಾಣಿಯ ತಲೆ ಮಾತ್ರ ಇದ್ದರೆ ಅದು ಇಂಗ್ಲೆಂಡ್, ಇದು ಎರಡನೆಯ ಪಾಠ. ಭೂಗೋಳದ ಮೇಷ್ಟರು ಗೋಡೆಯ ನಕ್ಷೆಯ ಮೇಲೆ ಬೆತ್ತ ಆಡಿಸಿ ತೋರಿಸಿದ ದೇಶಗಳು ಅಂಗಡಿಯಲ್ಲಿ ಅಂಗೈ ಮೇಲೆ ಬಂದು ಕೂರುತ್ತಿದ್ದುವು.

ನಮ್ಮವರನ್ನು ನಾವು ಕಂಡದ್ದೂ ಅಲ್ಲಿಯೇ. 1960ರಲ್ಲಿ ವಿಶ್ವೇಶ್ವರಯ್ಯನವರು ನೂರು ವರ್ಷ ತುಂಬಿ ಇನ್ನೂ ಬದುಕಿದ್ದಾಗಲೇ ಅವರ ಚೀಟಿ ಹೊರಬಂತು. ಅದಕ್ಕೆ ಮೊದಲು 1958ರಲ್ಲಿ ಮಹರ್ಷಿ ಕರ್ವೆಯವರಿಗೆ ಮಾತ್ರ ಆ ಗೌರವ ಸಂದಿತ್ತು. 1964ರಲ್ಲಿ ಪುರಂದರದಾಸರು ಬಂದರು. 1967ರಲ್ಲಿ ಬಸವೇಶ್ವರರು ಬಂದರು. ಹಳೆಯ ಲಕೋಟೆಗಳ ರಾಶಿಯಿಂದ ಈ ಚೀಟಿಗಳನ್ನು ಬಿಡಿಸಿ ಒಪ್ಪವಾಗಿಸಿ, ಹತ್ತು ವರ್ಷದ ಮೇಲೆ ಹುಟ್ಟಿದ ಹುಡುಗನ ಕೈಗೂ ದೊರೆಯುವಂತೆ ಕಾದಿಟ್ಟವರು ಈ ವ್ಯಾಪಾರಿಗಳು.

ವ್ಯಾಪಾರದ ಕ್ರಮದಲ್ಲಿಯೂ ಒಂದು ವಿಶೇಷವಿತ್ತು. ದೂರದ ಊರಿನ ಗಿರಾಕಿಗಳಿಗೆ ವ್ಯಾಪಾರಿ ಚೀಟಿಗಳನ್ನು ಪುಟ್ಟ ಪುಸ್ತಕಗಳಲ್ಲಿ ಅಂಟಿಸಿ, ಕೆಳಗೆ ಬೆಲೆ ಬರೆದು, ಅಂಚೆಯಲ್ಲಿ ಕಳಿಸುತ್ತಿದ್ದ. ಗಿರಾಕಿ ಬೇಕಾದುದನ್ನು ಇಟ್ಟುಕೊಂಡು, ಉಳಿದುದನ್ನು ಹಣದೊಡನೆ ಹಿಂದಕ್ಕೆ ಕಳಿಸಬೇಕು. ‘ಅಪ್ರೂವಲ್’ ಎಂದು ಇದರ ಹೆಸರು. ಮುಂಗಡ ಹಣವಿಲ್ಲ, ಜಾಮೀನಿಲ್ಲ. ಮುಖ ನೋಡದವರ ನಡುವೆ ನಂಬಿಕೆಯೊಂದನ್ನೇ ಬಂಡವಾಳ ಮಾಡಿಕೊಂಡು ಹೀಗೆ ನಡೆದ ವ್ಯಾಪಾರಗಳು ಹೆಚ್ಚಿಲ್ಲ.

ಇಷ್ಟಾದರೂ ಅಂಗಡಿಯ ನಿಜವಾದ ಆಸ್ತಿ ಚೀಟಿಗಳೆಂದು ನನಗೆ ತೋರುವುದಿಲ್ಲ. ಅದು ವ್ಯಾಪಾರಿಯ ಕಣ್ಣು. ಇದನ್ನು ಸ್ವಲ್ಪ ವಿವರಿಸಬೇಕು. ಒಂದೇ ಚಿತ್ರ, ಒಂದೇ ಬೆಲೆ, ಒಂದೇ ಬಣ್ಣದ ಎರಡು ಚೀಟಿಗಳು ನಮ್ಮಂಥವರಿಗೆ ಒಂದೇ ಆಗಿ ಕಾಣುತ್ತವೆ. ಬಲ್ಲವರು ಮೊದಲು ಅಂಚಿನ ಹಲ್ಲುಗಳನ್ನು ಎಣಿಸುತ್ತಾರೆ. ಎರಡು ಸೆಂಟಿಮೀಟರಿನಲ್ಲಿ ಎಷ್ಟು ರಂಧ್ರಗಳಿವೆ ಎಂಬುದೇ ಅದರ ಅಳತೆ. ಅನಂತರ ಚೀಟಿಯನ್ನು ಕಪ್ಪು ತಟ್ಟೆಯಲ್ಲಿ ಬೋರಲು ಹಾಕಿ ಎರಡು ತೊಟ್ಟು ಬೆಂಜೀನ್ ಬಿಟ್ಟರೆ ಕಾಗದದೊಳಗಿನ ನೀರುಗುರುತು ಎದ್ದು ಕಾಣುತ್ತದೆ. ಹಿಂದಿನ ಅಂಟು ಮೂಲದ್ದೋ ಆಮೇಲೆ ಸವರಿದ್ದೋ, ಹರಿದ ಮೂಲೆಯನ್ನು ತೇಪೆ ಹಾಕಿದೆಯೋ, ಮುದ್ರೆಯ ತಾರೀಖು ಚೀಟಿ ಚಲಾವಣೆಯಲ್ಲಿದ್ದ ಕಾಲಕ್ಕೆ ಹೊಂದುತ್ತದೆಯೋ, ಇವನ್ನೆಲ್ಲ ನೋಡಿ ಆಮೇಲೆ ಬೆಲೆಯ ಮಾತು. ಹಸ್ತಪ್ರತಿಗಳೊಡನೆ ಕೆಲಸ ಮಾಡಿದವರಿಗೆ ಇದು ಹೊಸದೆನಿಸದು. ನಾಲ್ಕು ಓಲೆಯ ಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ಗುರುತಿಸಿ, ಯಾವುದು ಮೂಲಪಾಠ, ಯಾವುದು ಲಿಪಿಕಾರನ ಕೈತಪ್ಪು, ಯಾವುದು ಪ್ರಕ್ಷಿಪ್ತ ಎಂದು ನಿರ್ಣಯಿಸುವ ಗ್ರಂಥಸಂಪಾದಕನ ಕೆಲಸಕ್ಕೂ ಇದಕ್ಕೂ ಜಾತಿಯಲ್ಲಿ ಭೇದವಿಲ್ಲ. ಹಿಂದಿನ ಕಾಲದ ಚಿನಿವಾರ ಹೊನ್ನನ್ನು ಒರೆಗೆ ಹಚ್ಚಿ ನೋಡುತ್ತಿದ್ದುದೂ ಇದೇ ವಿದ್ಯೆಯ ಇನ್ನೊಂದು ಕವಲು.

ಈ ವಿದ್ಯೆಗೆ ಬೆಲೆ ಏಕೆಂಬುದಕ್ಕೆ ನಮ್ಮದೇ ಒಂದು ನಿದರ್ಶನವಿದೆ. 1948ರ ಆಗಸ್ಟ್ 15ರಂದು ಗಾಂಧೀಜಿಯವರ ನಾಲ್ಕು ಚೀಟಿಗಳು ಹೊರಬಂದುವು, ಅಚ್ಚಾದದ್ದು ಸ್ವಿಟ್ಸರ್ಲೆಂಡಿನಲ್ಲಿ. ಅವುಗಳಲ್ಲಿ ಹತ್ತು ರೂಪಾಯಿಯದು ದೊಡ್ಡದು. ಗವರ್ನರ್ ಜನರಲ್ ಅವರ ಕಚೇರಿಯ ಬಳಕೆಗಾಗಿ ‘ಸರ್ವಿಸ್’ ಎಂಬ ಪದವನ್ನು ಮೇಲೆ ಅಚ್ಚೊತ್ತಿದ ಹತ್ತು ರೂಪಾಯಿಯ ಚೀಟಿಗಳು ನೂರರಷ್ಟು ಮಾತ್ರ. ಅಂಥ ನಾಲ್ಕು ಚೀಟಿಗಳ ಒಂದು ಪಟ್ಟಿ 2017ರಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾಯಿತು. ಸಾಮಾನ್ಯವಾದ ಹತ್ತು ರೂಪಾಯಿಯ ಚೀಟಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದು ಪದ. ಆ ಒಂದು ಪದವನ್ನು ಆಮೇಲೆ ಒತ್ತಿದ ಖೋಟಾ ಚೀಟಿಗಳು ಸುಳಿದಾಡುತ್ತಲೇ ಇವೆ. ಎರಡನ್ನೂ ಬೇರ್ಪಡಿಸುವುದು ಆ ಮಸಿಯ ಹೊಳಪನ್ನೂ ಅಕ್ಷರದ ಅಂಚನ್ನೂ ಬಲ್ಲ ಕಣ್ಣು.

ಆ ಕಣ್ಣಿಗೂ ಮೀರಿದವರು ಇಲ್ಲದಿಲ್ಲ. ಫ್ರಾನ್ಸಿನಲ್ಲಿ ನೆಲೆಸಿದ್ದ ಜ್ಯಾಂ ದ ಸ್ಪೆರಾಟಿ ಎಂಬಾತ ಲಿಸ್ಬನ್ನಿಗೆ ಕಳಿಸಿದ ಕೆಲವು ಚೀಟಿಗಳನ್ನು 1942ರಲ್ಲಿ ಸುಂಕದವರು ಹಿಡಿದು, ಬೆಲೆಬಾಳುವ ಸರಕನ್ನು ಪರವಾನಗಿಯಿಲ್ಲದೆ ಹೊರದೇಶಕ್ಕೆ ಸಾಗಿಸುತ್ತಿದ್ದಾನೆಂದು ಮೊಕದ್ದಮೆ ಹೂಡಿದರು. ಅವು ಅಸಲಲ್ಲ, ನಾನೇ ಮಾಡಿದ ನಕಲು ಎಂದು ಆತ ವಾದಿಸಬೇಕಾಯಿತು. ಪರೀಕ್ಷಿಸಿದ ತಜ್ಞರು ಅಸಲೇ ಎಂದು ಹೇಳಿಬಿಟ್ಟಿದ್ದರು. ಕೊನೆಗೆ 1950ರ ದಶಕದಲ್ಲಿ ಬ್ರಿಟನ್ನಿನ ಸಂಗ್ರಾಹಕರ ಸಂಘವೇ ಆತನ ಸಲಕರಣೆಗಳನ್ನೂ ನಕಲುಗಳನ್ನೂ ಹಣ ಕೊಟ್ಟು ಕೊಂಡು, ಮುಂದಿನವರ ಅಭ್ಯಾಸಕ್ಕೆಂದು ಇಟ್ಟುಕೊಂಡಿತು.

ಇಂಥ ಅಂಗಡಿಗಳು ಏಕೆ ಮುಚ್ಚಿದುವು? ಎಲ್ಲರೂ ಥಟ್ಟನೆ ಹೇಳುವ ಉತ್ತರ ಇಂಟರ್ನೆಟ್ಟು. ಅದು ಕಾರಣಗಳಲ್ಲಿ ಕೊನೆಯದು. ಗೆದ್ದಲು ಅದಕ್ಕಿಂತ ಮೊದಲೇ ಹತ್ತಿತ್ತು.

ಮೊದಲ ಕಾರಣ, ಸರ್ಕಾರಗಳೇ ಚೀಟಿಯ ವ್ಯಾಪಾರಿಗಳಾದದ್ದು. ಕಾಗದಕ್ಕೆ ಹಚ್ಚದೆ ಆಲ್ಬಮ್ಮಿಗೆ ಸೇರುವ ಚೀಟಿಯಿಂದ ಅಂಚೆಗೆ ಬರುವುದೆಲ್ಲ ಲಾಭ ಎಂಬುದು ದೇಶದೇಶಗಳಿಗೆ ಹೊಳೆಯಿತು. 1964ರಲ್ಲಿ ಅರೇಬಿಯಾದ ಪುಟ್ಟ ಅಜ್ಮಾನ್ ಸಂಸ್ಥಾನ ಫಿನ್‌ಬಾರ್ ಕೆನ್ನಿ ಎಂಬ ಅಮೆರಿಕದ ವ್ಯಾಪಾರಿಯೊಡನೆ ಚೀಟಿಯ ಒಪ್ಪಂದ ಮಾಡಿಕೊಂಡಿತು. ಅಜ್ಮಾನ್, ಶಾರ್ಜಾ, ಫುಜೈರಾ, ಉಮ್ ಅಲ್ ಕುವೈನ್ ಮೊದಲಾದ ಮರಳುಗಾಡಿನ ನಾಡುಗಳ ಹೆಸರಿನಲ್ಲಿ ಚಂದ್ರಯಾತ್ರೆ, ಒಲಿಂಪಿಕ್ಸ್, ಹೂವು, ಹಕ್ಕಿ, ಯೂರೋಪಿನ ವರ್ಣಚಿತ್ರಗಳು ಹೊಳೆಹೊಳೆಯುತ್ತ ಹರಿದುಬಂದುವು. 1971ರ ಕೊನೆಗೆ ಈ ನಾಡುಗಳು ಒಕ್ಕೂಟವಾಗಿ ಸೇರಿದ ಮೇಲೆ ಆ ಪ್ರವಾಹ ನಿಂತಿತು. ಆ ಚೀಟಿಗಳ ಮೇಲೆ ಮುದ್ರೆ ಇರುತ್ತಿತ್ತು; ಹಿಂದುಗಡೆ ಅಂಟು ಮಾತ್ರ ಹಾಗೆಯೇ ಉಳಿದಿರುತ್ತಿತ್ತು. ಅಂದರೆ ಅವು ಯಾವ ಕಾಗದವನ್ನೂ ಹೊತ್ತು ಪ್ರಯಾಣ ಮಾಡಿದವಲ್ಲ. ನನ್ನ ವಯಸ್ಸಿನವರ ಬಾಲ್ಯದ ಆಲ್ಬಮ್ಮುಗಳ ಅರ್ಧಭಾಗ ಇವೇ. ಮುಂದೆ ಅವನ್ನು ಮಾರಲು ಹೋದವರಿಗೆ ಕಾಸು ಹುಟ್ಟಲಿಲ್ಲ. ಹವ್ಯಾಸದ ಮೇಲಿನ ವಿಶ್ವಾಸವೇ ಕೆಲವರಿಗೆ ಹೋಯಿತು. ನಮ್ಮ ದೇಶದಲ್ಲಿಯೂ 1948ನೆಯ ಇಡೀ ವರ್ಷ ಹೊರಟ ವಿಶೇಷ ಚೀಟಿಗಳು ಐದೇ ಐದು. ಇಂದು ವರ್ಷಕ್ಕೆ ಹಲವು ಡಜನ್ನು. ಹೊರಟುದನ್ನೆಲ್ಲ ಸಂಗ್ರಹಿಸುವುದು ಮಧ್ಯಮವರ್ಗದ ಕಿಸೆಗೆ ಭಾರವಾಯಿತು. ಹೊಸ ಚೀಟಿ ಬೇಕಾದವರು ಅಂಚೆ ಇಲಾಖೆಯ ಫಿಲಾಟೆಲಿ ಬ್ಯೂರೋದಲ್ಲಿಯೇ ಹಣ ಕಟ್ಟಿ ಪಡೆಯತೊಡಗಿದರು. ಅಂಗಡಿಯವನಿಗೆ ಹೊಸದರ ಲಾಭ ತಪ್ಪಿತು.

ಎರಡನೆಯದು ಹಣದಾಸೆ. 1970ರ ದಶಕದ ಬೆಲೆಯೇರಿಕೆಯಲ್ಲಿ ಪಾಶ್ಚಾತ್ಯ ದೇಶಗಳ ಜನ ಚಿನ್ನದಂತೆ ಚೀಟಿಯನ್ನೂ ಕೂಡಿಡಲು ತೊಡಗಿದರು. ಬೆಲೆ ಆಕಾಶಕ್ಕೇರಿತು, 1980ರ ಹೊತ್ತಿಗೆ ಕುಸಿಯಿತು. ಹೆಚ್ಚಿನ ಬೆಲೆಗೆ ಸರಕು ತುಂಬಿಕೊಂಡಿದ್ದ ಅನೇಕ ವ್ಯಾಪಾರಿಗಳು ಆಗ ನೆಲಕಚ್ಚಿದರು. ಸ್ಪೇನಿನಲ್ಲಿ 2006ರಲ್ಲಿ, ಚೀಟಿಗಳಲ್ಲಿ ಹಣ ಹೂಡಿಸುವೆವೆಂದು ಹೇಳಿದ ಎರಡು ದೊಡ್ಡ ಸಂಸ್ಥೆಗಳು ಮುರಿದುಬಿದ್ದು ಮೂರು ಲಕ್ಷಕ್ಕೂ ಹೆಚ್ಚು ಸಾಮಾನ್ಯ ಜನರ ಉಳಿತಾಯ ಅಪಾಯಕ್ಕೆ ಸಿಕ್ಕಿತು. ಪ್ರೀತಿಯ ವಸ್ತು ಹೂಡಿಕೆಯ ವಸ್ತುವಾದಾಗ ಇಂಥದು ನಡೆಯುವುದು ಸಹಜ.

ಮೂರನೆಯದು, ಕಾಗದವೇ ನಿಂತದ್ದು. ನಮ್ಮ ದೇಶದ ತಂತಿ ಸೇವೆ 2013ರ ಜುಲೈಯಲ್ಲಿ ಕೊನೆಗೊಂಡಿತು. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಲೀನವಾಯಿತು. ಡೆನ್ಮಾರ್ಕಿನ ಅಂಚೆ ಸಂಸ್ಥೆ 2025ರ ಅಂತ್ಯಕ್ಕೆ ಕಾಗದ ಹಂಚುವುದನ್ನೇ ಬಿಡುವುದಾಗಿ ಸಾರಿತು. ಇಂದು ಅಂಚೆ ಕಚೇರಿಯ ಕಿಟಕಿಯಲ್ಲಿ ಲಕೋಟೆ ಕೊಟ್ಟರೆ ಅದರ ಮೇಲೆ ಅಂಟುವುದು ಯಂತ್ರ ಉಗುಳಿದ ಬಿಳಿಯ ಚೀಟಿ. ಮನೆಗೆ ಬಂದ ಕಾಗದದಿಂದ ಸ್ಟಾಂಪು ಬಿಡಿಸಿ ನೀರಿನಲ್ಲಿ ನೆನೆಹಾಕುವ ಮಗುವಿಗೆ ಈ ಹವ್ಯಾಸ ತಾನಾಗಿ ಹತ್ತುತ್ತಿತ್ತು. ಕಾಗದವೇ ಬಾರದ ಮನೆಯಲ್ಲಿ ಹತ್ತುವುದೆಲ್ಲಿಂದ?

ಇವೆಲ್ಲ ಆದ ಮೇಲೆ ಬಂದದ್ದು ಇಂಟರ್ನೆಟ್ಟು. 1995ರಲ್ಲಿ ಈಬೇ ಆರಂಭವಾಯಿತು. ಹಳೆಯ ವಸ್ತುಗಳ ಇಂಥ ಜಾಲತಾಣಗಳು ಮುಂದೆ ಹಲವಾದುವು. ತಾಲ್ಲೂಕಿನ ಊರಿನಲ್ಲಿ ಕುಳಿತವನಿಗೂ ಜಗತ್ತಿನ ಸರಕೆಲ್ಲ ಎದುರಿಗೆ ಬಂತು. ಅಪೂರ್ವವೆಂದು ಅಂಗಡಿಯಲ್ಲಿ ಹೇಳುತ್ತಿದ್ದ ಚೀಟಿಗಳು ನೂರುಗಟ್ಟಲೆ ಮಾರಾಟಕ್ಕಿರುವುದು ಕಂಡಿತು. ಪೆನ್ನಿ ಬ್ಲ್ಯಾಕ್ ಅಚ್ಚಾದದ್ದೇ ಆರು ಕೋಟಿ ಎಂಬತ್ತು ಲಕ್ಷ. ಹಳೆಯದೆಲ್ಲ ಅಪರೂಪವಲ್ಲವೆಂಬುದು ಎಲ್ಲರಿಗೂ ತಿಳಿಯಿತು. ಪೇಟೆಯ ನಡುವೆ ಬಾಡಿಗೆ ಏರುತ್ತಿತ್ತು. ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದರು. ವ್ಯಾಪಾರಿ ಅಂಗಡಿಯ ಕದ ಹಾಕಿ, ಸರಕನ್ನು ಮನೆಗೆ ಒಯ್ದು, ಕಂಪ್ಯೂಟರಿನ ಮುಂದೆ ಕುಳಿತ. ಆದ್ದರಿಂದ ವ್ಯಾಪಾರ ಅಳಿಯಿತೆಂದರೆ ತಪ್ಪಾದೀತು, ಅಳಿದದ್ದು ಅಂಗಡಿ. ನ್ಯೂಯಾರ್ಕಿನ ಗಿಂಬೆಲ್ಸ್ ಮಳಿಗೆ 1980ರ ದಶಕದಲ್ಲಿಯೇ ಮುಚ್ಚಿತ್ತು. ನಸ್ಸಾವ್ ಬೀದಿಯ ವೈಭವ ಅದಕ್ಕಿಂತ ಮೊದಲೇ ಮುಗಿದಿತ್ತು. ಸ್ಟಾನ್ಲಿ ಗಿಬ್ಬನ್ಸ್ ಸಂಸ್ಥೆಯೇ 2023ರ ಡಿಸೆಂಬರಿನಲ್ಲಿ ದಿವಾಳಿಯ ಅಂಚಿಗೆ ಬಂದು ಬೇರೆಯವರ ಕೈಸೇರಿತು.

ನ್ಯಾಯವಾಗಿ ನೋಡಿದರೆ ಲಾಭವೂ ಇಲ್ಲದಿಲ್ಲ. ಹಳೆಯ ಅಂಗಡಿಯವರೆಲ್ಲ ಸತ್ಯಹರಿಶ್ಚಂದ್ರರಾಗಿರಲಿಲ್ಲ. ಹುಡುಗರಿಗೆ ಮರಳುಗಾಡಿನ ಹೊಳೆಯುವ ಚೀಟಿಗಳನ್ನು ಮಾರಿದವರೂ ಇವರೇ. ಸತ್ತವರ ಮನೆಯಿಂದ ಆಲ್ಬಮ್ಮುಗಳನ್ನು ಚಿಕ್ಕಾಸಿಗೆ ಎತ್ತಿಕೊಂಡು ಹೋದವರೂ ಇವರಲ್ಲಿದ್ದರು. ಇಂದು ಬೆಲೆ ಎಲ್ಲರಿಗೂ ತೆರೆದಿದೆ. ದೊಡ್ಡ ಪೇಟೆಯಿಂದ ದೂರವಿರುವ ಸಂಗ್ರಾಹಕ ಯಾರ ಮರ್ಜಿಯನ್ನೂ ಕಾಯಬೇಕಾಗಿಲ್ಲ. ಇಷ್ಟನ್ನು ಒಪ್ಪಿಕೊಂಡ ಮೇಲೂ, ಲೆಕ್ಕದ ಇನ್ನೊಂದು ಪಕ್ಕದಲ್ಲಿ ಮೂರು ಬಾಬುಗಳು ಉಳಿಯುತ್ತವೆ.

ಮೊದಲನೆಯದು ಕಣ್ಣಿನ ವಿದ್ಯೆ. ಪರದೆಯ ಮೇಲಿನ ಚಿತ್ರದಲ್ಲಿ ಚೀಟಿಯ ಮುಖ ಕಾಣುತ್ತದೆ. ಕಾಗದದ ದಪ್ಪ, ಅಂಟಿನ ಬಗೆ, ನೀರುಗುರುತು ಕಾಣುವುದಿಲ್ಲ. ಕಂಡರೂ ನೋಡುವುದು ಹೇಗೆಂದು ಪಕ್ಕದಲ್ಲಿ ನಿಂತು ಹೇಳುವವರಿಲ್ಲ. ಎರಡು ಚೀಟಿಗಳನ್ನು ಜೊತೆಗಿಟ್ಟು, “ಇದನ್ನು ನೋಡಿ, ಈಗ ಇದನ್ನು ನೋಡಿ” ಎಂದು ಕಲಿಸುವ ವಿದ್ಯೆ ಪುಸ್ತಕದಿಂದ ಪೂರ್ತಿ ಬಾರದು. ಒಬ್ಬ ಹಳೆಯ ವ್ಯಾಪಾರಿ ಕಣ್ಣುಮುಚ್ಚಿದರೆ ಐವತ್ತು ವರ್ಷದ ಆ ಅನುಭವ ಅವರೊಡನೆಯೇ ಹೋಗುತ್ತದೆ.

ಎರಡನೆಯದು ಆ ಕಟ್ಟೆ. ಹತ್ತು ಪೈಸೆಯ ಹುಡುಗನೂ ಹತ್ತು ಸಾವಿರದ ವಕೀಲರೂ ಅದೇ ಗಾಜಿನ ಕಪಾಟಿನ ಮುಂದೆ ನಿಲ್ಲುತ್ತಿದ್ದರು. ಹಿರಿಯರ ಮಾತು ಹುಡುಗನ ಕಿವಿಗೆ ಬೀಳುತ್ತಿತ್ತು. ಜಾತಿ, ಹುದ್ದೆ, ವಯಸ್ಸುಗಳನ್ನು ಕೇಳದೆ ಜನ ಒಂದು ಆಸಕ್ತಿಯ ಸುತ್ತ ಕೂಡುವ ಸ್ಥಳಗಳು ನಮ್ಮ ಊರುಗಳಲ್ಲಿ ಎಷ್ಟಿದ್ದುವು, ಈಗ ಎಷ್ಟಿವೆ ಎಂದು ಎಣಿಸಿದರೆ ನಷ್ಟದ ಪ್ರಮಾಣ ತಿಳಿಯುತ್ತದೆ.

ಮೂರನೆಯದು ನಮ್ಮಂಥ ಸಾಹಿತ್ಯದವರಿಗೆ ಹೆಚ್ಚು ಸಂಬಂಧಪಟ್ಟದ್ದು. ಚೀಟಿಗಾಗಿ ರದ್ದಿಯ ಅಂಗಡಿಗ��ನ್ನೂ ಹಳೆಯ ಮಂಡಿಗಳನ್ನೂ ಅಟ್ಟದ ಪೆಟ್ಟಿಗೆಗಳನ್ನೂ ಜಾಲಾಡುತ್ತಿದ್ದವನು ಈ ವ್ಯಾಪಾರಿ. ಅವನ ಗಮನ ಲಕೋಟೆಯ ಮೇಲೆ, ಲಕೋಟೆಯೊಳಗೆ ಕಾಗದವಿರುತ್ತಿತ್ತು. ಮೈಸೂರು ಅಂಚೆಯ ಮುದ್ರೆ ಬಿದ್ದ ಕಾಗದಗಳಲ್ಲಿ ಉಳಿದಿರುವುವು ಎಷ್ಟೋ ಇಂಥವರು ಕೊಳ್ಳುವರೆಂಬ ಆಸೆಯಿಂದ ಉಳಿದವು. ಅಡಕೆಯ ಧಾರಣೆ, ಮಗಳ ಮದುವೆಯ ಮಾತುಕತೆ, ಮಳೆ ಬೆಳೆಯ ಸಮಾಚಾರ, ಕ್ಷೇಮದ ಒಕ್ಕಣೆ, ಇವುಗಳಲ್ಲಿರುವ ಕನ್ನಡ ಯಾವ ಅಚ್ಚಿನ ಪುಸ್ತಕದಲ್ಲಿಯೂ ದೊರೆಯದ ಕನ್ನಡ. ಕೊಳ್ಳುವವನು ಊರಿಗೆ ಬಾರದೆ ಹೋದರೆ ರದ್ದಿಯವನು ಅದನ್ನು ತೂಕಕ್ಕೆ ಹಾಕಿ ಕಾರ್ಖಾನೆಗೆ ಕಳಿಸುತ್ತಾನೆ.

ಹಾಗಾದರೆ ಮಾಡಬೇಕಾದದ್ದೇನು? ಮುಚ್ಚಿದ ಅಂಗಡಿಗಳನ್ನು ತೆರೆಸುವುದು ಯಾರಿಂದಲೂ ಆಗದು. ಪ್ಯಾರಿಸ್ಸಿನ ಬಯಲು ಸಂತೆಯಂತೆ, ಕಲ್ಕತ್ತೆಯ ಕಾಲುದಾರಿಯಂತೆ ಅಲ್ಲಲ್ಲಿ ಕೆಲವು ಉಳಿದಿವೆ. ಪ್ರದರ್ಶನಗಳ ಕಾಲದಲ್ಲಿ ನಮ್ಮ ವ್ಯಾಪಾರಿಗಳೂ ಎರಡು ಮೂರು ದಿನದ ಮಟ್ಟಿಗೆ ಮೇಜು ಹಾಕುತ್ತಾರೆ. ಬೆಂಗಳೂರಿನಲ್ಲಿ 1975ರಲ್ಲಿ ಹುಟ್ಟಿದ ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯಂಥ ಸಂಘಗಳು ಹಿರಿಯರನ್ನೂ ಕಿರಿಯರನ್ನೂ ಕೂಡಿಸುವ ಆ ಕಟ್ಟೆಯ ಕೆಲಸವನ್ನು ಒಂದಿಷ್ಟು ಮಾಡಬಲ್ಲವು. ಅಂಚೆ ಇಲಾಖೆ 2017ರಲ್ಲಿ ‘ಸ್ಪರ್ಶ್’ ಎಂಬ ಯೋಜನೆಯಲ್ಲಿ, ಚೀಟಿ ಸಂಗ್ರಹಿಸುವ ಆರರಿಂದ ಒಂಬತ್ತನೆಯ ತರಗತಿಯ ಮಕ್ಕಳಿಗೆ ವರ್ಷಕ್ಕೆ ಆರು ಸಾವಿರ ರೂಪಾಯಿಯ ವಿದ್ಯಾರ್ಥಿವೇತನವನ್ನು ಆರಂಭಿಸಿತು. 2006ರಲ್ಲಿ ಶ್ರೀಗಂಧದ ಪರಿಮಳ ಸೂಸುವ ಚೀಟಿಯನ್ನೂ 2017ರಲ್ಲಿ ಕಾಫಿಯ ಪರಿಮಳದ ಚೀಟಿಯನ್ನೂ ಹೊರಡಿಸಿ ಜನರ ಮನಸ್ಸನ್ನು ಸೆಳೆಯಿತು. ಇವೆಲ್ಲ ಒಳ್ಳೆಯವೇ. ಆದರೆ ವೇತನದಿಂದಲೂ ಪರಿಮಳದಿಂದಲೂ ಕಣ್ಣು ಬಾರದು. ಇನ್ನೂ ನಮ್ಮ ನಡುವೆ ಇರುವ ಹಳೆಯ ವ್ಯಾಪಾರಿಗಳನ್ನು ಸಂಘದವರು, ಶಾಲೆಯವರು ಕರೆಸಿ, ಅವರು ಬಲ್ಲುದನ್ನು ಹೇಳಿಸಿ, ಬರೆಸಿಟ್ಟುಕೊಳ್ಳಬೇಕು. ಮುಪ್ಪಿನ ಜನಪದ ಗಾಯಕರ ಬಳಿಗೆ ನಮ್ಮ ವಿದ್ವಾಂಸರು ಹೋದಂತೆ ಇವರ ಬಳಿಗೂ ಹೋಗಬೇಕಾದ ಕಾಲ ಬಂದಿದೆ.

ಇನ್ನೊಂದು ಕೆಲಸ ಮನೆಮನೆಯಲ್ಲಿಯೂ ಆಗಬಹುದಾದದ್ದು. ಅದಕ್ಕೆ ಹಣವೂ ಬೇಡ, ಪಾಂಡಿತ್ಯವೂ ಬೇಡ. ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಕಾಗದದ ಕಟ್ಟು ಸಿಕ್ಕಿದರೆ ಚೀಟಿಯ ಆಸೆಗೆ ಲಕೋಟೆಯನ್ನು ಕತ್ತರಿಸಬೇಡಿ, ನೀರಿಗೆ ಹಾಕಬೇಡಿ. ಚೀಟಿ, ಮುದ್ರೆ, ವಿಳಾಸ, ಒಳಗಿನ ಬರಹ, ಇವು ನಾಲ್ಕೂ ಒಟ್ಟಿಗೆ ಇದ್ದರೆ ಅದೊಂದು ದಾಖಲೆ. ಬಿಡಿಸಿದ ಚೀಟಿ ಎಷ್ಟಾದರೂ ಒಂದು ಚೂರು ಕಾಗದ. ಹೆಚ್ಚಿನವಕ್ಕೆ ಇಂದು ಬೆಲೆಯೂ ಇಲ್ಲ. ಕಟ್ಟನ್ನು ಹಾಗೆಯೇ ಒಣಗಿದ ಜಾಗದಲ್ಲಿ, ಬಿಸಿಲು ತಾಗದಂತೆ ಇಟ್ಟು, ಯಾರ ಕಾಗದ ಯಾರಿಗೆ ಬಂದದ್ದು ಎಂಬುದನ್ನು ಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ರದ್ದಿಗೆ ಹೋಗದಂತೆ ತಡೆದು ಕೊಂಡುಕೊಳ್ಳುತ್ತಿದ್ದವನ ಅಂಗಡಿ ಈಗ ಬೀದಿಯಲ್ಲಿಲ್ಲವಾದ್ದರಿಂದ ಆ ಕಾವಲು ಇನ್ನು ಮೇಲೆ ನಮ್ಮ ಪಾಲಿಗೆ ಬಂದಿದೆ.